ಕ್ಯಾಬಿನ್ ಸೈಜಿನ ಗಾಲಿ ಸೂಟ್‌ಕೇಸು

ಒಂದು ಕಿಲೋ ಎಂದರೆ ಒಂದು ಕಿಲೋವೇ ಆಗಿರತಕ್ಕದ್ದು. ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಈ ಸತ್ಯವನ್ನು ಕಾಪಾಡುವ ಹೊಣೆ ತಕ್ಕಡಿ ತಪಾಸಣಾ ಪ್ರಾಧಿಕಾರದ ಬೈಲಹೊಂಗಲ ಸಂಚಾರಿ ಶಾಖೆಯದು. ಸಂಚಾರಿ ಶಾಖೆ ಎಂದಮೇಲೆ ಯಾರಾದರೂ ಸಂಚರಿಸಲೇಬೇಕು. ಮುಖ್ಯಸ್ಥರಾದ ಸತ್ಯಪ್ಪ ಸಾಹೇಬರು ಕ್ಯಾಬಿನ್ನಿನ ಒಳಗೆ ಕೂತಿರುತ್ತಿದ್ದರು. ಹೆಡ್ ಕ್ಲಾರ್ಕ್ ಬಸವಲಿಂಗ ಅವರು ಕ್ಯಾಬಿನ್ನಿನ ಹೊರಗೆ ಕೂತಿರುತ್ತಿದ್ದರು. ಹೀಗೆ ಇಬ್ಬರೂ ಕೂತಮೇಲೆ ಸಂಚಾರಕ್ಕೆ ಉಳಿದವಳು ತಪಾಸಕಿ ಭಾಗ್ಯಾ ಒಬ್ಬಳೇ.

ಭಾಗ್ಯಾ ಆರು ವರ್ಷದಿಂದ ಸಂಚರಿಸುತ್ತಿದ್ದಳು. ಬಲಹೆಗಲ ಮೇಲೆ ಒಂದು ದಪ್ಪ ಬಟ್ಟೆಯ ಚೀಲ, ಚೀಲದಲ್ಲಿ ಹಿತ್ತಾಳೆಯ ಎಂಟು ತೂಕದ ಕಲ್ಲು. ಹಿತ್ತಾಳೆಯದಾದರೂ ಸಂತೆಯವರ ಬಾಯಲ್ಲಿ ಅದು ಸರ್ಕಾರಿ ಕಲ್ಲೇ. ಐವತ್ತು ಗ್ರಾಮಿನಿಂದ ಹತ್ತು ಕಿಲೋದವರೆಗೆ, ಎಲ್ಲ ಸೇರಿ ಹದಿನೆಂಟು ಕಿಲೋ ಎಂಟುನೂರ ಐವತ್ತು ಗ್ರಾಂ. ಈ ಕಲ್ಲನ್ನು ವ್ಯಾಪಾರಿಯ ತಕ್ಕಡಿಯಲ್ಲಿಟ್ಟು ನೋಡಿದರೆ ಅವನ ಹಣೆಬರಹ ಗೊತ್ತಾಗುತ್ತಿತ್ತು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದ್ದರಿಂದ ಭಾಗ್ಯಾ ಪುಕ್ಕಟೆ ಹೋಗುತ್ತಿದ್ದಳು, ಕಲ್ಲುಗಳು ಲಗೇಜ್ ಟಿಕೆಟ್ ಪಡೆದು ಮರ್ಯಾದೆಯಿಂದ ಹೋಗುತ್ತಿದ್ದವು.

ಆರು ವರ್ಷ ಹೊತ್ತ ಹೆಗಲು ಒಂದು ದಿನ ಮುನಿಸಿಕೊಂಡಿತು. ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಡಾಕ್ಟರು ಒತ್ತಿ ನೋಡಿ, "ಇನ್ನ ಎರಡು ತಿಂಗಳು ಇದ ಚೀಲಾ ಹೊತ್ತರ ಈ ಕೈ ಮತ್ತ ಮ್ಯಾಲೆ ಏಳೂದಿಲ್ಲ ನೋಡವಾ" ಎಂದರು. ಅವಳಿಗೆ ಡಾಕ್ಟರ ಮಾತಿಗಿಂತ ಮನೆಯಲ್ಲಿ ದಿನಾ ಬೆಳಿಗ್ಗೆ ನಡೆಯುತ್ತಿದ್ದ ಸಂಗತಿಯೇ ಹೆಚ್ಚು ಚುಚ್ಚುತ್ತಿತ್ತು. ಮೂರನೇ ಇಯತ್ತೆಯ ಮಗಳು ಉಮಾಶ್ರೀಗೆ ಎರಡು ಜಡೆ ಹಾಕಲು ಅವಳ ಕೈ ಏಳುತ್ತಿರಲಿಲ್ಲ. ಅಜ್ಜಿ ಪದ್ಮವ್ವ ಹಾಕುತ್ತಿದ್ದಳು. ಅಜ್ಜಿಗೆ ಕಣ್ಣು ಸ್ವಲ್ಪ ಮಂಜು. ಒಂದು ಜಡೆ ಸವದತ್ತಿ ಕಡೆ ನೋಡಿದರೆ ಇನ್ನೊಂದು ರಾಮದುರ್ಗದ ಕಡೆ ನೋಡುತ್ತಿತ್ತು. "ಅವ್ವಾ, ನೀ ಯಾವಾಗ ಹಾಕ್ತಿ?" ಎಂದು ಹುಡುಗಿ ಕೇಳಿದಾಗ ಭಾಗ್ಯಾ ಚಹಾದ ಬೋಗುಣಿ ತೊಳೆಯುವ ನೆವದಲ್ಲಿ ಒಳಗೆ ಹೋಗುತ್ತಿದ್ದಳು.

ಗಂಡ ಗೌತಮನದು ಬಸ್ ಸ್ಟ್ಯಾಂಡಿನ ಎದುರು ಬ್ಯಾಗು ರಿಪೇರಿಯ ಅಂಗಡಿ. ನಾಲ್ಕು ತಾಲ್ಲೂಕುಗಳ ಮುರಿದ ಗಾಲಿ, ಹರಿದ ಜಿಪ್ಪು, ಕಿತ್ತ ಹಿಡಿಕೆಗಳನ್ನೆಲ್ಲ ಕಂಡ ಮನುಷ್ಯ. ಅವನು ಹೇಳಿದ:

"ಗಾಲಿ ಸೂಟ್‌ಕೇಸ್ ಕೇಳ ನೀ. ಗಾಲಿ ನಾಕು ಇರಬೇಕು, ರಬ್ಬರಿಂದು. ಹಿಡಿಕಿ ಎಳದಾಗ ಗಡಗಡ ಅನ್ನಬಾರ್ದು. ಜಿಪ್ಪಿನ ಹಲ್ಲು ದಪ್ಪ ಇರಬೇಕು. ಮೈಯಿ ಒತ್ತಿದರ ಒಳಗ ಹೋಗಿ ಮತ್ತ ಹೊರಗ ಬರಬೇಕು, ಅದು ಬಾಳಿಕಿ ಬರೂ ಮಾಲು. ದೊಡ್ಡದು ಬ್ಯಾಡ. ಕ್ಯಾಬಿನ್ ಸೈಜಿಂದು ಅಂತ ಬರಿ. ಬಸ್ಸಿನ ಸೀಟಿನ ಬುಡಕ ಕುಂದರತೈತಿ."

ಭಾಗ್ಯಾ ಹಾಗೆಯೇ ಬರೆದಳು. ಪದೇ ಪದೇ ಸಂಚಾರ ಮಾಡಬೇಕಾದ ಪ್ರಯುಕ್ತ, ತನ್ನ ಹೆಗಲು ಕೆಟ್ಟಿರುವ ಪ್ರಯುಕ್ತ, ಬಾಳಿಕೆ ಬರುವ, ಗಾಲಿಯುಳ್ಳ, ಕ್ಯಾಬಿನ್ ಸೈಜಿನ ಸೂಟ್‌ಕೇಸು ಒಂದನ್ನು ಮಂಜೂರು ಮಾಡಬೇಕೆಂದು ವಿನಂತಿ.

ಬಸವಲಿಂಗ ಅವರು ಅರ್ಜಿಯನ್ನು ಮೂರು ಸಲ ಓದಿದರು. ಮೊದಲು 'ಹೆಗಲು' ಎಂಬ ಶಬ್ದಕ್ಕೆ ಕೆಂಪು ಗೆರೆ ಎಳೆದು, 'ಹೆಗಲು ಕಚೇರಿಯ ಆಸ್ತಿಯಲ್ಲ, ಆದ್ದರಿಂದ ಅದರ ದುರಸ್ತಿಯ ಪ್ರಶ್ನೆ ಉದ್ಭವಿಸುವುದಿಲ್ಲ' ಎಂದು ಷರಾ ಬರೆದರು. ಉಳಿದದ್ದು ನ್ಯಾಯವಾಗಿಯೇ ಇತ್ತು. ಎದ್ದು, ಮುದ್ರೆಯುಳ್ಳ ಉಕ್ಕಿನ ಟೇಪು ತೆಗೆದುಕೊಂಡು ಸಾಹೇಬರ ಕ್ಯಾಬಿನ್ ಅಳೆಯತೊಡಗಿದರು.

"ಅಲ್ಲರಿ ಸರ್, ಕ್ಯಾಬಿನ್ ಅಂದರ ಈ ಕ್ಯಾಬಿನ್ ಅಲ್ಲರಿ," ಎಂದಳು ಭಾಗ್ಯಾ. "ಅದು ವಿಮಾನದ ಕ್ಯಾಬಿನ್ನರಿ. ವಿಮಾನದಾಗ ತಲಿ ಮ್ಯಾಲೆ ಇಡ್ತಾರಲ್ಲರಿ, ಆ ಸೈಜು."

ಸತ್ಯಪ್ಪ ಸಾಹೇಬರು ಟೇಪಿಗೆ ಅಡ್ಡಿಯಾಗದಂತೆ ಕಾಲು ಮೇಲೆತ್ತಿಕೊಂಡು ಕುಳಿತಿದ್ದರು. "ಬೈಲಹೊಂಗಲದಾಗ ವಿಮಾನ ಎಲ್ಲಿ ಐತ್ರಿ?" ಎಂದರು.

"ಸಾಂಬ್ರಾದಾಗ ಐತ್ರಿ."

"ಸಾಂಬ್ರಾ ನಮ್ಮ ವ್ಯಾಪ್ತಿಗೆ ಬರೂದಿಲ್ಲ."

"ಭಾಗ್ಯಾ ಅವರ, ನೀವು ಅರ್ಜಿ ಕೊಟ್ಟದ್ದು ಈ ಸಾಹೇಬ್ರಿಗೆ," ಎಂದರು ಬಸವಲಿಂಗ ಮೆಲ್ಲಗೆ, ಮೂಲೆಯಿಂದ ಟೇಪು ಜಗ್ಗುತ್ತ. "ಇವರ ಕ್ಯಾಬಿನ್ ಬಿಟ್ಟು ಬ್ಯಾರೆಯವರ ಕ್ಯಾಬಿನ್ ಅಳದರ ಇವರಿಗೆ ಅಪಮಾನ ಆಗೂದಿಲ್ಲೇನು?"

ಸಾಹೇಬರಿಗೆ ಆ ಅಪಮಾನ ಅದಾಗಲೇ ಸ್ವಲ್ಪ ಆಗಿತ್ತು. ಅವರು ಮಂಜೂರು ಮಾಡಿದರು. ಮರುದಿನ ಗೋಡೆಗೆ ಪ್ರಕಟಣೆ ಬಿತ್ತು:

'ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಈ ಶಾಖೆಯ ಪದೇ ಪದೇ ಸಂಚಾರಕ್ಕಾಗಿ ಸೂಟ್‌ಕೇಸು ಒಂದು ಬೇಕಾಗಿದೆ. ಉದ್ದ ಮೂರು ಮೀಟರ್ ಅರವತ್ತು ಸೆಂಟಿಮೀಟರ್. ಅಗಲ ಎರಡು ಮೀಟರ್ ಎಪ್ಪತ್ತು. ಎತ್ತರ ಎರಡು ಮೀಟರ್ ಎಂಬತ್ತು, ಫ್ಯಾನು ಸಹಿತ. ಗಾಲಿ ನಾಲ್ಕು, ರಬ್ಬರಿನದು. ಜಿಪ್ಪಿನ ಹಲ್ಲು ದಪ್ಪ ಇರತಕ್ಕದ್ದು. ಒಬ್ಬ ತಪಾಸಕಿ ಒಂದೇ ಕೈಯಿಂದ ಎಳೆಯುವಂತಿರತಕ್ಕದ್ದು. ಬಾಳಿಕೆ: ಹಾಲಿ ಸಾಹೇಬರ ನಿವೃತ್ತಿಯವರೆಗೆ.'

ಪ್ರಕಟಣೆಯನ್ನು ಪೂರ್ತಿ ಓದುವ ಚಾಳಿ ಇಲ್ಲದ ಬ್ಯಾಗಿನ ವ್ಯಾಪಾರಿ ಅಪ್ಪು ಮಾತ್ರ ಒಂದು ನೀಲಿ ಸೂಟ್‌ಕೇಸು ತೆಗೆದುಕೊಂಡು ನಗುನಗುತ್ತ ಬಂದ. "ಕ್ಯಾಬಿನ್ ಸೈಜ್ ಮೇಡಂ, ಐವತ್ತೈದು ಸೆಂಟಿಮೀಟರು" ಎಂದು ನೆಲದ ಮೇಲೆ ಇಟ್ಟ. ಭಾಗ್ಯಾ ಒಂದು ಬೆರಳಿನಿಂದ ದೂಡಿದಳು. ಅದು ಸದ್ದಿಲ್ಲದೆ ನೆಲಹಾಸಿನ ಆರು ಫರಸಿಯಷ್ಟು ದೂರ ಹೋಗಿ, ಬಸವಲಿಂಗರ ಕುರ್ಚಿಗೆ ತಾಗಿ ನಿಂತಿತು. ಹಿಡಿಕೆ ಗಡಗಡ ಎನ್ನಲಿಲ್ಲ. ಮೈ ಒತ್ತಿದರೆ ಒಳಗೆ ಹೋಗಿ ಹೊರಗೆ ಬಂತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಬಲಗೈಯ ನೋವೇ ಒಂದು ಗಳಿಗೆ ಮರೆತುಹೋಯಿತು.

ಬಸವಲಿಂಗ ಅವರು ಅದನ್ನು ಅಳೆದರು. ಕ್ಯಾಬಿನ್ ಸೈಜು ಎಂದು ಹೇಳಿ ತಂದ ಮಾಲು ಕ್ಯಾಬಿನ್ನಿಗಿಂತ ಮೂರು ಮೀಟರ್ ಐದು ಸೆಂಟಿಮೀಟರ್ ಗಿಡ್ಡವಿತ್ತು. ಕಿಲೋಕ್ಕೆ ಹತ್ತು ಗ್ರಾಂ ಕಡಿಮೆ ತೂಗಿದವರನ್ನೇ ಬಿಡದ ಕಚೇರಿ ಅದು. ಅಳತೆಯಲ್ಲಿ ಇಷ್ಟು ದೊಡ್ಡ ಮೋಸ ಶಾಖೆಯ ಇತಿಹಾಸದಲ್ಲಿಯೇ ಸಿಕ್ಕಿರಲಿಲ್ಲ. ಅಪ್ಪುವಿಗೆ ನೋಟೀಸು ಕೊಟ್ಟು, ನೀಲಿ ಸೂಟ್‌ಕೇಸನ್ನು ಜಪ್ತಿ ಮಾಡಿ, ಗಾಲಿಗಳಿಗೆ ಅರಗಿನ ಮುದ್ರೆ ಹಾಕಿ, ತಿಜೋರಿಯಲ್ಲಿ ಇಟ್ಟರು. ಅಪ್ಪು ನೋಟೀಸಿಗೆ ಸಹಿ ಹಾಕುವಾಗ, "ಹೊರಗ ನಾಕು ಮಂದಿಗೆ ಇದ ಸೈಜು ಮಾರೇನಿ ಸಾಹೇಬ್ರ, ಅವರಿಗೂ ಹೇಳಬೇಕೇನ್ರಿ?" ಎಂದು ನಿಜವಾದ ಚಿಂತೆಯಿಂದ ಕೇಳಿದ.

ಕೊನೆಗೆ ಕೆಲಸ ಸಿಕ್ಕಿದ್ದು ಟ್ರ್ಯಾಕ್ಟರ್ ಟ್ರೇಲರುಗಳನ್ನು ವೆಲ್ಡಿಂಗ್ ಮಾಡುವ ಮಲಕಾಜಪ್ಪನಿಗೆ. ಆತ ಅಳತೆಯ ಚೀಟಿ ನೋಡಿದ, ತಲೆ ತುರಿಸಿಕೊಂಡ, ಸರ್ಕಾರದವರು ಏನೇ ಕೇಳಿದರೂ ಯಾಕೆ ಎಂದು ಕೇಳಬಾರದೆಂಬ ಮನೆತನದ ಶಿಸ್ತನ್ನು ಪಾಲಿಸಿದ. ಇಪ್ಪತ್ತು ದಿನಗಳಲ್ಲಿ ಸೂಟ್‌ಕೇಸು ಸಿದ್ಧವಾಯಿತು. ತಗಡಿನ ಮೈ, ಮೂಲೆಗೆ ಕಬ್ಬಿಣದ ಪಟ್ಟಿ, ಟ್ರೇಲರಿನ ನಾಲ್ಕು ಗಾಲಿ, ಟ್ರ್ಯಾಕ್ಟರಿಗೆ ಸಿಕ್ಕಿಸಿ ಎಳೆಯಲು ಹಿಡಿಕೆ. ಬಾಗಿಲಿನ ಬದಲು ಮುಂದೆ ಇಳಿಬಿಟ್ಟ ತಾಡಪತ್ರಿಗೆ ಎಂಟು ಮೀಟರ್ ಜಿಪ್ಪು ಹೊಲಿದುಕೊಟ್ಟವನು ಗೌತಮನೇ. ಇಂಥ ಜಿಪ್ಪನ್ನು ತಾನು ಮಾತ್ರ ಹೊಲಿಯಬಲ್ಲೆ ಎಂಬ ಹೆಮ್ಮೆಯಲ್ಲಿ ಹೊಲಿದನಾದರೂ, ಹೆಂಡತಿಯ ಮುಖ ನೋಡಲು ಅವನಿಗೆ ಎರಡು ದಿನ ಧೈರ್ಯ ಬರಲಿಲ್ಲ. ಟ್ರ್ಯಾಕ್ಟರಿನ ಸ್ಟೇರಿಂಗು ಒಂದೇ ಕೈಯಲ್ಲಿ ತಿರುಗುವುದರಿಂದ, ಒಂದೇ ಕೈಯಿಂದ ಎಳೆಯುವ ಷರತ್ತೂ ಪೂರೈಸಿತು.

ಬಾಳಿಕೆಯ ಪರೀಕ್ಷೆ ಮಾತ್ರ ಸ್ವಲ್ಪ ತೊಡಕಾಯಿತು. ಸೂಟ್‌ಕೇಸನ್ನು ಆಳೆತ್ತರದಿಂದ ಮೂರು ಸಲ ಬೀಳಿಸಿ ನೋಡತಕ್ಕದ್ದು ಎಂದು ನಿಯಮ. ಅದನ್ನು ಎತ್ತುವವರು ಯಾರು? ಬಸವಲಿಂಗ ಅವರು ಪುಸ್ತಕ ತಿರುವಿ ಉಪನಿಯಮ ಹುಡುಕಿದರು. ಎತ್ತಲಾಗದ ಪಕ್ಷದಲ್ಲಿ ಪರೀಕ್ಷಕರೇ ಅದರ ಮೇಲಿಂದ ಬೀಳತಕ್ಕದ್ದು. ಅವರು ನಿಷ್ಠಾವಂತರು. ಏಣಿ ಹಾಕಿಕೊಂಡು ಹತ್ತಿ, ಪಕ್ಕದ ಹತ್ತಿಯ ಅಂಡಿಗೆಗಳ ಮೇಲೆ ಮೂರು ಸಲ ಬಿದ್ದರು. ಸೂಟ್‌ಕೇಸಿಗೆ ಏನೂ ಆಗಲಿಲ್ಲ ಎಂದು, ತಲೆಯಲ್ಲಿದ್ದ ಹತ್ತಿ ತೆಗೆಯುತ್ತ, ವರದಿ ಬರೆದರು.

ಡಾಕ್ಟರು ಕೊಟ್ಟ ಎರಡು ತಿಂಗಳಲ್ಲಿ ಆಗಲೇ ಏಳು ವಾರ ಕಳೆದಿದ್ದವು. ಭಾಗ್ಯಾ ಚೀಲ ತಂದು, "ಕಲ್ಲು ಇಡ್ಲೇನ್ರಿ ಇದರಾಗ?" ಎಂದಳು.

"ಹೆಂಗ ಇಡ್ತೀರಿ?" ಎಂದರು ಬಸವಲಿಂಗ. "ಕ್ಯಾಬಿನ್ ಸೈಜಿನ ಸೂಟ್‌ಕೇಸಿನಾಗ ಕ್ಯಾಬಿನ್ ಇಡಬೇಕು. ಟೇಬಲ್ಲು, ಕುರ್ಚಿ, ಕಪಾಟು, ಫ್ಯಾನು ಎಲ್ಲಾ ಸರಿಯಾಗಿ ಹಿಡಿಸ್ಯಾವ. ಇನ್ನ ಒಂದು ಗುಂಡಸೂಜಿ ಇಟ್ಟರೂ ಅಳತಿ ಮೀರತೈತಿ."

ಕ್ಯಾಬಿನ್ ಸೂಟ್‌ಕೇಸಿನೊಳಗೆ ಹೋದಮೇಲೆ ಸಾಹೇಬರು ಹೊರಗೆ ಕೂರುವಂತಿರಲಿಲ್ಲ. ಅವರೂ ಒಳಗೆ ಹೋಗಿ ಕುಳಿತರು. ಒಂದು ಸಲ ಸಂಗೊಳ್ಳಿಯವರೆಗೆ ಎಳೆಸಿಕೊಂಡು ಬಂದಮೇಲೆ, ಕೂತಲ್ಲಿಂದ ಏಳದೆ ಪ್ರವಾಸ ಭತ್ಯೆ ಹುಟ್ಟುವ ಈ ಉಪಕರಣ ಅವರಿಗೆ ಬಹಳ ಹಿಡಿಸಿತು. ಸೂಟ್‌ಕೇಸು ಮುಂದೆ, ಚೀಲ ಹೊತ್ತ ಭಾಗ್ಯಾ ಹಿಂದಿನ ಬಸ್ಸಿನಲ್ಲಿ. ಒಂದು ವಾರ ಹೀಗೆ ನಡೆಯಿತು. ಆ ವಾರದ ಕೊನೆಗೆ ಅವಳ ಕೈ ಹೊಟ್ಟೆಯ ಮಟ್ಟಕ್ಕೆ ಇಳಿಯಿತು, ಚಹಾದ ಕಪ್ಪನ್ನು ಎಡಗೈಯಲ್ಲಿ ಹಿಡಿದಳು. ಸಿಟ್ಟು ಬಂತು. ಆದರೆ ಸಿಟ್ಟನ್ನು ಯಾವ ನಮೂನೆಯಲ್ಲಿ ಸಲ್ಲಿಸಬೇಕೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ಬಸವಲಿಂಗ ಅವರಿಗೆ ಒಂದು ನಿಯಮ ಸಿಕ್ಕಿತು. ಸೂಟ್‌ಕೇಸಿನೊಳಗೆ ಸಾಮಾನು ಮಾತ್ರ ಸಂಚರಿಸತಕ್ಕದ್ದು, ಮನುಷ್ಯರು ಸಂಚರಿಸತಕ್ಕದ್ದಲ್ಲ. ಒಂದು ವಾರದ ಪ್ರವಾಸವೆಲ್ಲ ಅಕ್ರಮವಾಗಿತ್ತು. ಸಾಹೇಬರ ಮುಖ ಬಿಳಿಚಿತು.

"ಗಾಬರಿ ಆಗಬ್ಯಾಡ್ರಿ," ಎಂದರು ಬಸವಲಿಂಗ. "ನಿಮ್ಮನ್ನ ಸಾಮಾನಿನ ರಜಿಸ್ಟರಿಗೆ ಹಚ್ಚಿಬಿಡೂನು. ಹಿಂದಿನ ವಾರದಿಂದನ ಹಚ್ಚೂನು."

ಸಾಹೇಬರು ಒಪ್ಪಿದರು. ಕ್ರಮಸಂಖ್ಯೆ ಹದಿನಾಲ್ಕು: ಸತ್ಯಪ್ಪ, ಒಂದು. ಆದರೆ ರಜಿಸ್ಟರಿನಲ್ಲಿ ತೂಕದ ಕಾಲಂ ಇತ್ತು, ಮತ್ತು ತಕ್ಕಡಿ ಪ್ರಾಧಿಕಾರದಲ್ಲಿ ತೂಕದ ಕಾಲಮ್ಮನ್ನು ಅಂದಾಜಿನಿಂದ ತುಂಬುವುದು ಮಹಾಪರಾಧ. ತೂಗಿ ಮುದ್ರೆ ಒತ್ತುವ ಅಧಿಕಾರ ಇದ್ದದ್ದು ತಪಾಸಕಿಗೆ ಮಾತ್ರ. ಸಾಹೇಬರು ಚಪ್ಪಲಿ ಬಿಚ್ಚಿ ಮೂಟೆ ತೂಗುವ ಕಾಟಾದ ಮೇಲೆ ನಿಂತರು. ಭಾಗ್ಯಾ ಓದಿ ಎಡಗೈಯಿಂದ ಬರೆದಳು, ಎಂಬತ್ತನಾಲ್ಕು ಕಿಲೋ. ತೂಕಕ್ಕೆಂದು ಕಚೇರಿಯಲ್ಲಿ ಇದ್ದದ್ದು ಒಂದೇ ಮುದ್ರೆ, ತೂಕದ ಕಲ್ಲುಗಳ ಮೇಲೆ ಒತ್ತುವ ಸರ್ಕಾರಿ ಮುದ್ರೆ. ಅದನ್ನೇ ಅವರ ಅಂಗಿಯ ತೋಳಿನ ಮೇಲೆ ಒತ್ತಿದಳು.

ಒತ್ತಿದ ಮುದ್ರೆಯನ್ನು ನೋಡುತ್ತ ಅವಳು ಹಾಗೇ ನಿಂತಳು. ಆರು ವರ್ಷ ಕಲ್ಲನ್ನು ಹೊತ್ತವಳು, ಕಲ್ಲಿನ ನಿಯಮಗಳನ್ನೂ ಹೊತ್ತಿದ್ದಳು.

"ಸರ್," ಎಂದಳು ಬಸವಲಿಂಗರಿಗೆ. "ಈ ಮುದ್ರಿ ಯಾತರ ಮ್ಯಾಲೆ ಬೀಳತೈತ್ರಿ?"

"ಕಲ್ಲಿನ ಮ್ಯಾಲೆ."

"ಮುದ್ರಿ ಬಿದ್ದದ್ದು ಏನ ಆಗತೈತ್ರಿ?"

"ಕಲ್ಲು ಆಗತೈತಿ," ಎಂದರು ಬಸವಲಿಂಗ. ಹೇಳಿ ಮುಗಿಸುವಷ್ಟರಲ್ಲಿ ಅವರ ಕಣ್ಣು ಅಗಲವಾದವು. ಅದು ಹೆದರಿಕೆಯಲ್ಲ, ಒಂದು ನಿಯಮ ಇನ್ನೊಂದು ನಿಯಮದೊಳಗೆ ಜಿಪ್ಪಿನಂತೆ ಕೂಡಿಕೊಂಡಾಗ ಅವರಿಗೆ ಆಗುತ್ತಿದ್ದ ಆನಂದ.

"ಒಂದು ಶಾಖೆಗೆ ಒಂದ ಸೆಟ್ ಕಲ್ಲು ಇರಬೇಕು. ಹೊಸಾ ಕಲ್ಲು ಬಂದ ದಿವಸ ಹಳೇವನ್ನ ತಿಜೋರ್ಯಾಗ ಇಟ್ಟು ಕೀಲಿ ಹಾಕಬೇಕು. ಒಂಬತ್ತನೇ ನಿಯಮ ಹೌದಲ್ಲರಿ?" ಎಂದಳು ಭಾಗ್ಯಾ.

"ಹೌದು," ಎಂದರು ಬಸವಲಿಂಗ, ಭಕ್ತಿಯಿಂದ.

"ಅಲ್ಲ, ನಾನು..." ಎಂದು ಸಾಹೇಬರು ಶುರು ಮಾಡಿದರು.

"ಹಂಗಾರ ರಜಿಸ್ಟರಿನಿಂದ ಹೆಸರ ತಗೀಲ್ಯಾ ಸಾಹೇಬ್ರ? ವಾರದ ಪ್ರವಾಸ ಅಕ್ರಮ ಆಗತೈತಿ," ಎಂದರು ಬಸವಲಿಂಗ. ಸಾಹೇಬರು ತೋಳಿನ ಮೇಲಿನ ಮುದ್ರೆಯನ್ನು ಒಮ್ಮೆ ನೋಡಿಕೊಂಡು, ಕಾಟಾದಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡರು.

ಹಿತ್ತಾಳೆಯ ಎಂಟು ಕಲ್ಲುಗಳನ್ನು ತಿಜೋರಿಯಲ್ಲಿ ಇಡಬೇಕಾಯಿತು. ಬಿಡಿಯಾಗಿ ಇಡುವಂತಿಲ್ಲ, ಯಾವುದಾದರೂ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಅಲ್ಲಿದ್ದದ್ದು ಜಪ್ತಿಯಾದ ನೀಲಿ ಸೂಟ್‌ಕೇಸು ಒಂದೇ. ಎಂಟೂ ಕಲ್ಲು ಅದರಲ್ಲಿ ಅಳತೆ ತೆಗೆದು ಮಾಡಿಸಿದ ಹಾಗೆ ಕುಳಿತವು. ಜಿಪ್ಪು ಒಂದೇ ಎಳೆತಕ್ಕೆ ಮುಚ್ಚಿತು. ಗೌತಮ ಹೇಳಿದ್ದೆಲ್ಲ ಅಕ್ಷರಶಃ ನಿಜವಾಗಿತ್ತು. ಭಾಗ್ಯಾ ಅದರ ಮೇಲೆ ಒಮ್ಮೆ ಕೈಯಾಡಿಸಿ ತಿಜೋರಿಗೆ ಕೀಲಿ ಹಾಕಿದಳು.

ಮುಂದಿನ ಸಂತೆ ನೇಸರಗಿಯದು. ಸೂಟ್‌ಕೇಸು ಸಂತೆಯ ನಡುವೆ ನಿಂತಿತು. ಭಾಗ್ಯಾ ಜಿಪ್ಪು ಎಳೆದಳು, ಸಾಹೇಬರು ಇಳಿದರು. ದೊಡ್ಡ ಕಾಟಾಗಳ ಮೇಲೆ ಅವರನ್ನು ನಿಲ್ಲಿಸಿ, ಮುಳ್ಳು ಎಂಬತ್ತನಾಲ್ಕಕ್ಕೆ ಬಂದರೆ ಪಾಸು, ಬರದಿದ್ದರೆ ನೋಟೀಸು. ಸಣ್ಣ ತಕ್ಕಡಿಗಳಿಗೆ ಬಸವಲಿಂಗ ಅವರು ಸುತ್ತೋಲೆ ಹೊರಡಿಸಿದ್ದರು. ಐದು ಕಿಲೋಕ್ಕೆ ಸಾಹೇಬರ ಪೂರ್ತಿ ಬಲಗೈ, ಒಂದು ಕಿಲೋಕ್ಕೆ ಮುಂಗೈ, ಐವತ್ತು ಗ್ರಾಮಿಗೆ ಕಿರುಬೆರಳು.

ಮೆಣಸಿನಕಾಯಿ ಮಾರುವ ಬಾಯವ್ವ ತನ್ನ ತಕ್ಕಡಿಯ ತಟ್ಟೆಯಲ್ಲಿ ಸಾಹೇಬರ ಮುಂಗೈ ಬಂದು ಕೂತದ್ದನ್ನು ನೋಡಿದಳು. "ಇದೇನ ಯವ್ವಾ?" ಎಂದು ಭಾಗ್ಯಾಳನ್ನು ಕೇಳಿದಳು.

"ಒಂದು ಕಿಲೋ ಆಯೀ."

ಬಾಯವ್ವ ಇನ್ನೊಂದು ತಟ್ಟೆಗೆ ಮೆಣಸಿನಕಾಯಿ ಹಾಕುತ್ತ ಹೋದಳು. "ಸಾಹೇಬ, ಕೈ ಸಡ್ಲ ಬಿಡಪಾ, ಬಿಗೀ ಹಿಡಿದರ ತೂಕ ಬರೂದಿಲ್ಲ," ಎಂದಳು. ಸಾಹೇಬರು ಸಡಿಲ ಬಿಟ್ಟರು. ತಟ್ಟೆ ಸಮನಾಯಿತು. "ಹಿಂದಿನ ಕಲ್ಲಿಗಿಂತ ಇದು ಚಲೋ ಐತಿ. ಮಾತು ಕೇಳತೈತಿ," ಎಂದಳು ಬಾಯವ್ವ.

ಎರಡು ತಿಂಗಳಲ್ಲಿ ನಾಲ್ಕೂ ತಾಲ್ಲೂಕುಗಳು ಹೊಸ ಕಲ್ಲಿಗೆ ಹೊಂದಿಕೊಂಡವು. ವ್ಯಾಪಾರಸ್ಥರು ಬಹಳ ಬೇಗ ಹೊಂದಿಕೊಂಡರು. ಸಾಹೇಬರು ದಪ್ಪಗಾದರೂ ಎಂಬತ್ತನಾಲ್ಕೇ, ತೆಳ್ಳಗಾದರೂ ಎಂಬತ್ತನಾಲ್ಕೇ. ಮುದ್ರೆ ಸುಳ್ಳಾಗುವುದಿಲ್ಲ. ರೈತರಿಂದ ಹತ್ತಿ ಕೊಳ್ಳುವ ಬೈಲಹೊಂಗಲದ ದಲಾಲರಿಗೆ ಕಲ್ಲು ಭಾರ ಇದ್ದಷ್ಟೂ ಲಾಭ, ಆದ್ದರಿಂದ ಅವರು ಸಾಹೇಬರಿಗೆ ತುಪ್ಪ ಸುರಿದು ಹೋಳಿಗೆ ತಿನ್ನಿಸಿದರು. ಬೇಳೆ ಮಾರುವ ರಾಮದುರ್ಗದ ಕಿರಾಣಿ ಅಂಗಡಿಯವರಿಗೆ ಕಲ್ಲು ಹಗುರ ಇದ್ದಷ್ಟೂ ಲಾಭ, ಆದ್ದರಿಂದ ಅವರು ಸಾಹೇಬರಿಗೆ ಉಪವಾಸದ ಮಹಿಮೆ ತಿಳಿಸಿ ಬರೀ ನೀರು ಮಜ್ಜಿಗೆ ಕೊಟ್ಟರು. ಹೀಗಾಗಿ ಕಿಲೋ ಎಂಬುದು ಬೈಲಹೊಂಗಲದಲ್ಲಿ ಉಬ್ಬಿ, ಸವದತ್ತಿ ದಾಟುತ್ತಿದ್ದಂತೆ ಇಳಿದು, ರಾಮದುರ್ಗ ಮುಟ್ಟುವಷ್ಟರಲ್ಲಿ ಸೊರಗಿರುತ್ತಿತ್ತು. ಅಳತೆಯಲ್ಲಿ ಮೋಸದ ದೂರು ಒಂದೂ ಬರಲಿಲ್ಲ, ಏಕೆಂದರೆ ಎಲ್ಲ ತಕ್ಕಡಿಗಳೂ ಕಲ್ಲಿನ ಜೊತೆಗೇ ಉಬ್ಬಿ ಸೊರಗುತ್ತಿದ್ದವು. ಮೇಲಿನ ಕಚೇರಿಯಿಂದ ಶಾಖೆಗೆ ಪ್ರಶಂಸೆ ಬಂತು.

ಭಾಗ್ಯಾಳ ಹೆಗಲ ಮೇಲೆ ಈಗ ಏನೂ ಇರಲಿಲ್ಲ. ಮೊದಲ ಹದಿನೈದು ದಿನ ಆ ಹೆಗಲಿಗೆ ನಂಬಿಕೆಯೇ ಬರಲಿಲ್ಲ, ಬಸ್ಸಿನಲ್ಲಿ ತಾನಾಗಿ ಒಂದು ಕಡೆ ವಾಲುತ್ತಿದ್ದಳು. ಆಮೇಲೆ ಕೈ ಎದೆಯ ಮಟ್ಟಕ್ಕೆ ಬಂತು, ಗದ್ದದ ಮಟ್ಟಕ್ಕೆ ಬಂತು, ಒಂದು ದಿನ ಹೂಲಿಯ ಗುಡಿಯ ಹತ್ತಿರ ಬಸ್ಸು ಜೋಲಿ ಹೊಡೆದಾಗ ಅವಳಿಗೇ ಅರಿವಿಲ್ಲದೆ ಮೇಲಿನ ಕಂಬಿಯನ್ನು ಹಿಡಿದಿತ್ತು. ಅವಳು ಸವದತ್ತಿ ಬರುವವರೆಗೂ ಕಂಬಿ ಬಿಡಲಿಲ್ಲ.

ಅದೇ ವಾರ ಸತ್ಯಪ್ಪ ಸಾಹೇಬರು ಜಿಪ್ಪಿನ ಸಂದಿಯಿಂದ ಒಂದು ಅರ್ಜಿಯನ್ನು ಹೊರಗೆ ಚಾಚಿದರು. ದಿನವೂ ನೂರಾರು ತಕ್ಕಡಿಗಳ ಮೇಲೆ ಕೈ ಚಾಚಿ ಚಾಚಿ ತಮ್ಮ ಬಲಹೆಗಲು ಕೆಟ್ಟಿದೆ, ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಲ್ಲುತ್ತಿದೆ, ಆದ್ದರಿಂದ ಏನಾದರೂ ವ್ಯವಸ್ಥೆ ಮಾಡಬೇಕೆಂದು ವಿನಂತಿ. ಅದನ್ನು ಓದಿ ಭಾಗ್ಯಾಳಿಗೆ ನಗು ಬರಲಿಲ್ಲ. ಆ ನೋವು ಎಂಥದ್ದೆಂದು ಅವಳಿಗೆ ಗೊತ್ತಿತ್ತು. ಅರ್ಜಿಯನ್ನು ತಾನೇ ಬಸವಲಿಂಗರ ಮುಂದೆ ಇಟ್ಟು, "ಪಾಪ, ನೋಡ್ರಿ" ಎಂದಳು.

ಬಸವಲಿಂಗ ಅವರು ಮೂರು ಸಲ ಓದಿದರು. ಇಡೀ ಪುಸ್ತಕ ತಿರುವಿದರು. ನಿಜವಾದ ದುಃಖದಿಂದ ಷರಾ ಬರೆದರು: 'ಪರಿಶೀಲಿಸಲಾಯಿತು. ಕಲ್ಲಿಗೆ ನೋವಾಗಲು ನಿಯಮದಲ್ಲಿ ಅವಕಾಶವಿರುವುದಿಲ್ಲ.' ಶಾಖೆಯ ಮುಖ್ಯಸ್ಥರ ಸಹಿಗಾಗಿ ಕಾಗದವನ್ನು ಜಿಪ್ಪಿನ ಸಂದಿಯಿಂದ ಒಳಗೆ ಕಳಿಸಿದರು. ಸಾಹೇಬರು ಓದಿ, ಎಡಗೈಯಿಂದ ಸಹಿ ಮಾಡಿ, ಹೊರಗೆ ಕಳಿಸಿದರು.

ಮರುದಿನ ಬೆಳಿಗ್ಗೆ ಭಾಗ್ಯಾ ಮಗಳನ್ನು ಮುಂದೆ ಕೂರಿಸಿಕೊಂಡಳು. ಕೈ ಮೇಲೆ ಎದ್ದಿತು. ನಡುವೆ ಬೈತಲೆ ತೆಗೆದು ಎರಡು ಜಡೆ ಹೆಣೆದಳು, ರಿಬ್ಬನ್ನು ಕಟ್ಟಿದಳು. ಪದ್ಮವ್ವ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿ, ಎರಡೂ ಸಮ ಇವೆ ಎಂದಳು.

"ಎಷ್ಟು ಸಮ ಅವ ಅವ್ವಾ?" ಎಂದು ಉಮಾಶ್ರೀ ಕೇಳಿದಳು.

"ಸಾಹೇಬರ ಕೈಯಿಟ್ಟು ನೋಡಿದಷ್ಟು," ಎಂದಳು ಭಾಗ್ಯಾ. ಹೊರಗೆ ಟ್ರ್ಯಾಕ್ಟರಿನ ಹಾರ್ನು ಕೇಳಿಸಿತು. ಕಿತ್ತೂರಿನ ಸಂತೆಗೆ ಕಲ್ಲು ಹೊರಟಿತ್ತು.